ಅಜ್ಜನ ಮನೆಯ ತೊಲೆ, ಕಂಬ ಹೊಸ ಮನೆಗೆ ಬರ್ತಾವೇನ್ರಿ?

ಪ್ರಶ್ನೆ (ಧಾರವಾಡದಿಂದ): ಸರ್, ಗದಗ ಹತ್ರ ಹಳ್ಳ್ಯಾಗ ನಮ್ಮ ಅಜ್ಜಾರ ಮಣ್ಣಿನ ಮಾಳಗಿ ಮನಿ ಐತ್ರಿ. ಈ ಬ್ಯಾಸಗ್ಯಾಗ ಕೆಡವಬೇಕಂತ ಮಾಡೇವಿ. ಬೋದಗಿ (ಕಂಬದ ತಲಿ ಮ್ಯಾಲಿನ ಕಟಗಿ) ಸಮೇತ ಕಂಬ, ತೊಲಿ, ರಾಶಿ ಜಂತಿ ಅದಾವ. ಕಟಗಿ ಅಡ್ಡೇದವ್ರು ಎಲ್ಲಾ ಸೇರಿಸಿ ಗುತ್ತಿಗಿ ಕೊಡ್ರಿ ಅಂತಾರ. ನಾವು ಇಲ್ಲೇ 30-40 ಸೈಟಿನ್ಯಾಗ ಮನಿ ಕಟ್ಟೋರದೀವಿ. ತೊಲಿ ಸೀಳಿಸಿ ಬಾಗಲಾ, ಕಿಟಕಿ ಮಾಡಸೋಣು ಅಂತ ವಿಚಾರ. ಬರೋಬ್ಬರಿ ಆಗತೈತೇನ್ರಿ?

ಉತ್ತರ (ವಾಸ್ತುಶಿಲ್ಪಿ, ಹುಬ್ಬಳ್ಳಿ): ಅಕ್ಕಾರ, ಗುತ್ತಿಗೆಗೆ ಈಗಲೇ ಹೂಂ ಅನ್ನಬೇಡ್ರಿ. ಸೀಳಿಸೋ ವಿಚಾರಾನೂ ಬಿಡ್ರಿ. ಬಾಗಿಲಿನ ಅಳತೆಯ ಕಟ್ಟಿಗೆ ಯಾವ ಅಡ್ಡೆಯಲ್ಲೂ ಸಿಗುತ್ತದೆ. ಬಲಿತ ಮರದ ಉದ್ದನೆ ತೊಲೆ ದುಡ್ಡು ಹಿಡಿದು ನಿಂತರೂ ಸುಲಭಕ್ಕೆ ಸಿಗೋದಿಲ್ಲ. ತೊಲೆ ತೊಲೆಯಾಗೇ ಇರಲಿ.

ತೊಲೆಯ ಬಲ ಇರೋದು ಅದರ ಎತ್ತರದಲ್ಲಿ. 6 ಇಂಚಿನದನ್ನು ಚಂದ ಕಾಣಲಿ ಅಂತ 5 ಇಂಚಿಗೆ ಇಳಿಸಿದರೆ ಬಲ ಶೇ 30ರಷ್ಟು, ಬಾಗದೆ ನಿಲ್ಲುವ ಬಿಗಿ ಶೇ 42ರಷ್ಟು ಹೋಗುತ್ತದೆ. ಬಡಿಗೇರು ರಂದಾ ಎತ್ತುವ ಮೊದಲೇ ಇದನ್ನು ಹೇಳಿಬಿಡಿ.

ಇನ್ನೊಂದು, ಪ್ಲ್ಯಾನ್ ಬರೆಸುವ ಮೊದಲು ಕಟ್ಟಿಗೆ ಅಳೆಯಿರಿ. ಒಂದೊಂದಕ್ಕೂ ಸುಣ್ಣದಲ್ಲಿ ನಂಬರ್ ಹಾಕಿ, ಉದ್ದ, ಅಗಲ, ಎತ್ತರ, ಸಾಗವಾನಿಯೋ ಮತ್ತಿಯೋ ಜಾಲಿಯೋ, ಎಲ್ಲ ಒಂದು ವಹಿಯಲ್ಲಿ ಬರೆದಿಡಿ. ಕೋಣೆಯ ಅಗಲ ಆ ಪಟ್ಟಿ ನೋಡಿ ನಿರ್ಧಾರ ಆಗಬೇಕು. ಗಟ್ಟಿ ಉದ್ದ 11 ಅಡಿ ಉಳಿದರೆ, ಎರಡೂ ಕಡೆ ಗೋಡೆಯ ಮೇಲೆ ಅರ್ಧರ್ಧ ಅಡಿ ಕೂತು, ಪಡಸಾಲೆ 10 ಅಡಿಗೇ ನಿಲ್ಲಲಿ.

'ಗಟ್ಟಿ ಉದ್ದ' ಅಂದದ್ದು ಯಾಕಂದ್ರೆ, ಗೋಡೆಯೊಳಗೆ ಹೂತಿದ್ದ ತುದಿಯೇ ಮೊದಲು ಕೆಡುವುದು. ನಡುಭಾಗ ಕಬ್ಬಿಣದಂತಿದ್ದರೂ ಆ ತುದಿ ತೇವ ಕುಡಿದು, ಒರಲಿ (ಗೆದ್ದಲು) ತಿಂದು ಟೊಳ್ಳಾಗಿರಬಹುದು. ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಠಣ್ ಅನ್ನುತ್ತಿದ್ದದ್ದು ಬದ್ ಅಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಇಳಿದರೆ ಅಲ್ಲಿಯವರೆಗೆ ಕೊಯ್ಸಿ ತೆಗೆಯಿರಿ.

ಮಾಳಿಗೆಯ ಮಣ್ಣಿನ ಭಾರಕ್ಕೆ ಬಾಗಿದ ತೊಲೆಯನ್ನು ಮಗುಚಿ ಹಾಕುವ ರೂಢಿ ಇದೆ. ಜಂತಿ ಕೂಡಿಸಲು ಮೇಲೆ ಕಚ್ಚು ಕೊರೆದಿದ್ದರೆ ಹಾಗೆ ಮಾಡಬೇಡಿ. ಆ ಕಚ್ಚು ಕೆಳಗೆ ಬಂದು, ಎಳೆತ ಬೀಳುವ ಜಾಗದಲ್ಲೇ ಸೀಳು ಬಿಡುತ್ತದೆ.

ಪ್ರಶ್ನೆ (ಹಾವೇರಿಯಿಂದ): ನಡುವ ಬಾಯಿ ಹಾಕ್ತೀನ್ರಿ. ನಮ್ಮ ಕಡೆ ಸಾಮಿಲ್‌ನವ್ರು ಹಳೇ ಕಟಗಿ ಅಂದ್ರ ಮುಟ್ಟೂದೇ ಇಲ್ಲ.

ಉತ್ತರ: ಒಂದು ಮೊಳೆ ಒಳಗುಳಿದರೂ ಬ್ಲೇಡ್ ಹಾಳು, ಅವರು ಅಂಜೋದು ಖರೇನ ಐತಿ. ಕಣ್ಣಿಗೆ ಕಂಡದ್ದೆಲ್ಲ ಕಿತ್ತು, ಆಮೇಲೆ ಮೆಟಲ್ ಡಿಟೆಕ್ಟರ್ ಆಡಿಸಿ ಒಯ್ಯಿರಿ. ಹಳೆ ಎಣ್ಣೆ ಬಣ್ಣ ಇದ್ದರೆ ಒಣದಾಗಿ ಉಜ್ಜಬೇಡಿ, ಧೂಳಿನಲ್ಲಿ ಸೀಸ ಇರಬಹುದು, ಮಕ್ಕಳಿಗೆ ಬಹಳ ಕೆಟ್ಟದ್ದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಆದದ್ದೇ 2016ರಲ್ಲಿ. ನೀರು ಹಚ್ಚಿ ಕೆರೆಸಿ.

ಪ್ರಶ್ನೆ (ಧಾರವಾಡದಿಂದ): ಒರಲಿಗೆ ಏನ ಹಚ್ಚಬೇಕ್ರಿ? ಸಣ್ಣ ಜಂತಿ ಒಲಿಗೆ ಹಾಕಿದ್ರ ನಡೀತೈತಿಲ್ಲೋ?

ಉತ್ತರ: ಬೋರಿಕ್ ಆಸಿಡ್, ಬೋರಾಕ್ಸ್ ಕಲಸಿದ ನೀರು ಹಚ್ಚಿ. ಆದರೆ ಮನೆಯೊಳಗಿನ ಕಟ್ಟಿಗೆಗೆ ಮಾತ್ರ, ಮಳೆ ಬಿದ್ದಲ್ಲಿ ತೊಳೆದು ಹೋಗುತ್ತದೆ. ಕಂಬ ನೆಲಕ್ಕೆ ಊರಬೇಡಿ, ಕಲ್ಲಿನ ಪೀಠದ ಮೇಲೆ ನಿಲ್ಲಿಸಿ.

ಒಲೆಗೆ ಬೇಡ್ರಿ! ಒಂದು ಘನ ಅಡಿ ಒಣ ಸಾಗವಾನಿ ಹೆಚ್ಚುಕಡಿಮೆ 18 ಕೆಜಿ, ಅದರಲ್ಲಿ ಅರ್ಧ ಇಂಗಾಲ. ಸುಟ್ಟರೆ ಸುಮಾರು 33 ಕೆಜಿ ಕಾರ್ಬನ್ ಡೈ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಜಂತಿ ಕಪಾಟಿಗೆ, ಮೆಟ್ಟಿಲಿಗೆ, ಕಟಾಂಜನಕ್ಕೆ (ಕಟಕಟೆಗೆ) ಬರುತ್ತದೆ. ಸೀಳಿಸುವ ಆಸೆ ಇದ್ದರೆ ಇವನ್ನೇ ಸೀಳಿಸಿ.

ಗದಗದಿಂದ ಧಾರವಾಡಕ್ಕೆ ಲಾರಿ ಹತ್ತಿಸುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಸಾಗಣೆ ಪರವಾನಗಿ ವಿಚಾರಿಸಿ. ಬೀಟೆ ಇದ್ದರಂತೂ ವಿಚಾರಿಸದೆ ಬಿಡಬೇಡಿ. ಮನೆ ನಿಂತಿರುವಾಗಲೇ ತೊಲೆ, ಕಂಬದ ಫೋಟೊ ತೆಗೆದಿಟ್ಟುಕೊಂಡರೆ ಕಟ್ಟಿಗೆ ಎಲ್ಲಿಂದ ಬಂತು ಅಂದವರಿಗೆ ತೋರಿಸಲಿಕ್ಕೆ ಆಗುತ್ತದೆ.