ಸಹಾಯ ಬೇಕು: ಅಕ್ಕನಿಗೆ ಸ್ಲೀವ್ ಆಪರೇಷನ್ ಆಗಿದೆ, ಮುಂದೆ ಹೇಗಿರುತ್ತದೆ?

ಎಲ್ಲರಿಗೂ ನಮಸ್ಕಾರ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು, ಅಂಥವರನ್ನು ಮನೆಯಲ್ಲಿ ನೋಡಿಕೊಂಡವರು ದಯವಿಟ್ಟು ಉತ್ತರಿಸಿ.

ಕಳೆದ ವಾರ ಅಕ್ಕನಿಗೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಆಯ್ತು. ಜಠರದ ಮುಕ್ಕಾಲು ಭಾಗದಷ್ಟು ತೆಗೆದಿದ್ದಾರೆ. ಈಗ ಬರೀ ದ್ರವಾಹಾರ. ಸೋಸಿದ ಬೇಳೆಕಟ್ಟು, ನೀರು ಮಜ್ಜಿಗೆ, ಪ್ರೋಟೀನ್ ಪುಡಿ. ಔಷಧಿ ಅಳೆಯುವ ಪುಟ್ಟ ಲೋಟದಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತಾಳೆ. ಸ್ವಲ್ಪ ಅವಸರ ಮಾಡಿದರೂ ಎದೆ ಹಿಡಿದುಕೊಂಡು ಕೂರುತ್ತಾಳೆ. ನೋಡಿದರೆ ಕರುಳು ಚುರುಕ್ ಅನ್ನುತ್ತದೆ.

ಜ್ವರ ಬಂದರೆ, ಎದೆಬಡಿತ ಜೋರಾದರೆ, ಹೊಟ್ಟೆನೋವು ಜಾಸ್ತಿಯಾದರೆ, ಕುಡಿದ ನೀರೂ ನಿಲ್ಲದಿದ್ದರೆ ತಡಮಾಡದೆ ಬನ್ನಿ ಎಂದು ಡಾಕ್ಟರ್ ಹೇಳಿದ್ದಾರೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಮುಂದೆಯೂ ಬಿಡುವಂತಿಲ್ಲ. ಅದೆಲ್ಲ ಗೊತ್ತು. ನನಗೆ ಬೇಕಿರುವುದು ಅಡುಗೆಮನೆಯ ಅನುಭವ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಅಂತಾರೆ. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಪುಡಿಯ ಸಿಹಿ ವಾಸನೆಗೇ ಅವಳಿಗೆ ವಾಕರಿಕೆ. ಬೇರೆ ದಾರಿ ಏನಿದೆ? ಇನ್ನೊಂದು, ಅವಳು ಮುದ್ದೆ ತಿಂದು ಬೆಳೆದವಳು. ಮುದ್ದೆ ಅಂದರೆ ಅಗಿಯದೆ ನುಂಗುವುದೇ ಅಲ್ವಾ? ಈಗ ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು. ಈ ಅಭ್ಯಾಸ ಹೇಗೆ ಬದಲಾಯಿಸಿದಿರಿ? ಮತ್ತೆ ಯಾವಾಗ ಮುದ್ದೆ ತಿಂದಿರಿ?

ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರುತ್ತದಂತೆ, ಆಮೇಲೆ ಬರುತ್ತದಂತೆ. ಅವಳಿಗೆ ಈಗಲೇ ಅದರ ಚಿಂತೆ. ಸುಮ್ನೆ ಸುಮ್ನೆ ಅಳುತ್ತಾಳೆ ಕೂಡ. ನಿಮಗೂ ಹೀಗಾಗಿತ್ತಾ? ಮನೆಯವರು ಏನು ಮಾಡಿದರೆ ಹಗುರ ಅನ್ನಿಸಿತು?