ನಿಪ್ಪಲ್ ಶೀಲ್ಡ್ ಬಿಡಿಸಿದ್ದು ಹೇಗೆ? ಅನುಭವ ಇದ್ದವರು ಹೇಳಿ

ಪುಣೆಯಿಂದ ಪ್ರಶ್ನೆ: ಮಗುವಿಗೆ ಎರಡೂವರೆ ತಿಂಗಳು. ತೊಟ್ಟು ಚಪ್ಪಟೆ ಇದೆ ಅಂತ ಆಸ್ಪತ್ರೆಯಲ್ಲೇ ಶೀಲ್ಡ್ (ತೊಟ್ಟಿನ ಮೇಲೆ ಇಟ್ಟುಕೊಂಡು ಹಾಲು ಕುಡಿಸುವ ತೆಳು ಸಿಲಿಕೋನ್ ಕವಚ) ಕೊಟ್ಟರು. ಈಗ ಅದಿಲ್ಲದೆ ಬಾಯಿ ಹಾಕುವುದೇ ಇಲ್ಲ. ಮಧ್ಯರಾತ್ರಿ ಎದ್ದು ತೊಳೆದು ತೊಳೆದು ಸಾಕಾಗಿದೆ. ಹೇಗೆ ಬಿಡಿಸಲಿ?

ಡೊಂಬಿವಲಿಯಿಂದ: ನಮ್ಮ ಮಗಳದೂ ಇದೇ ಕಥೆ. ಹಸಿದು ಅಳುವಾಗ ಶೀಲ್ಡ್ ಇಲ್ಲದೆ ಕೊಡಲು ಹೋಗಬೇಡಿ, ರಂಪ ಆಗುತ್ತದೆ. ಶೀಲ್ಡ್ ಹಾಕಿಯೇ ಶುರು ಮಾಡಿ. ಹಾಲು ಇಳಿದ ಮೇಲೆ ಗುಟುಕು ನುಂಗುವ ಸದ್ದು ಕೇಳಿಸುತ್ತದಲ್ಲ, ಅದು ಸ್ವಲ್ಪ ನಿಧಾನ ಆಗಲಿ. ಆಗ ಬಾಯಿಯ ಮೂಲೆಯಲ್ಲಿ ಬೆರಳಿಟ್ಟು ಬಿಡಿಸಿ, ಶೀಲ್ಡ್ ತೆಗೆದು, ತಕ್ಷಣ ಮತ್ತೆ ಕುಡಿಸಿ. ಅಷ್ಟೊತ್ತಿಗೆ ತೊಟ್ಟು ಹೊರಗೆ ಬಂದಿರುತ್ತದೆ, ಹಾಲಿನ ಹನಿಯೂ ಇರುತ್ತದೆ. ನನಗೆ ಒಗ್ಗಿದ್ದು ಮಧ್ಯಾಹ್ನದ ಹೊತ್ತು, ಅವಳು ಅರೆನಿದ್ದೆಯಲ್ಲಿ ಇದ್ದಾಗ. ದಿಂಬಿಗೆ ಒರಗಿ, ಬರೀ ಮೈಯಲ್ಲಿ ಎದೆ ಮೇಲೆ ಮಲಗಿಸಿಕೊಳ್ಳುತ್ತಿದ್ದೆ. ಒಂದು ದಿನ ತಾನೇ ಹುಡುಕಿಕೊಂಡು ಬಂದಳು. ಒಲ್ಲೆ ಅಂದರೆ ಹಠ ಬೇಡ, ಶೀಲ್ಡ್ ಹಾಕಿ ಕೊಟ್ಟುಬಿಡಿ. ಎದೆ ಅಂದ್ರೆ ಜಗಳ ಅಂತ ಮಗುವಿಗೆ ಅನ್ನಿಸಬಾರದು, ಅಲ್ವಾ?

ಮಾಟುಂಗಾದಿಂದ: ಎದೆ ಬಿಗಿದಿದ್ದರೆ ಹಿಡಿಯುವುದು ಕಷ್ಟ. ಮೊದಲು ಸ್ವಲ್ಪ ಹಾಲು ಹಿಂಡಿ ಮೆತ್ತಗೆ ಮಾಡಿಕೊಳ್ಳಿ. ಪಂಪ್ ಇದ್ದರೆ ಒಂದೆರಡು ನಿಮಿಷ ಹಾಕಿದರೂ ತೊಟ್ಟು ಎದ್ದು ಬರುತ್ತದೆ. ಮಾಲಿಶ್‌ಗೆ ಬರುವ ಮಾವಶಿ ‘ಎಳೆದು ಸರಿ ಮಾಡ್ತೀನಿ’ ಅಂದರೆ ಖಂಡಿತ ಬೇಡ ಅನ್ನಿ. ಶೀಲ್ಡಿನ ತುದಿ ದಿನಾ ಚೂರು ಚೂರು ಕತ್ತರಿಸಿ ಅಂತಲೂ ಕೆಲವರು ಹೇಳುತ್ತಾರೆ. ಅದು ಹಳೇ ರಬ್ಬರ್ ಶೀಲ್ಡ್ ಕಾಲದ ಮಾತು. ಸಿಲಿಕೋನ್ ಕತ್ತರಿಸಿದರೆ ಅಂಚು ಚೂಪಾಗಿ ಮಗುವಿನ ಬಾಯಿಗೆ ಚುಚ್ಚುತ್ತದೆ.

ಮಡಗಾಂವ್‌ನಿಂದ: ನನ್ನ ಮಗ ಎಡಗಡೆ ಬೇಗ ಬಿಟ್ಟ, ಬಲಗಡೆ ತಿಂಗಳುಗಟ್ಟಲೆ ಶೀಲ್ಡೇ ಬೇಕಿತ್ತು. ತೂಕ ಚೆನ್ನಾಗಿ ಏರುತ್ತಿತ್ತು, ಅದಕ್ಕೇ ನಾನೂ ಸುಮ್ನೆ ಇದ್ದೆ. ‘ಪ್ಲಾಸ್ಟಿಕ್ ಕುಡಿಸ್ತಾಳೆ’ ಅನ್ನುವವರು ಅನ್ನಲಿ ಬಿಡಿ. ಆದರೆ ಬಿಡಿಸುವ ದಿನಗಳಲ್ಲಿ ಒದ್ದೆ ನ್ಯಾಪಿ ಎಣಿಸಿ. 24 ಗಂಟೆಯಲ್ಲಿ 6ಕ್ಕಿಂತ ಕಡಿಮೆ ಆದರೆ, ತೂಕ ನಿಂತರೆ, ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಮತ್ತೆ ಡೊಂಬಿವಲಿಯಿಂದ: ಹೇಳಲು ಮರೆತೆ. ಕುಡಿಯುವಾಗ ಟಕ್ ಟಕ್ ಸದ್ದು ಬಂದರೆ, ನಿಮಗೆ ನೋವು ಜಾಸ್ತಿ ಇದ್ದರೆ, ನಾಲಿಗೆ ಕೆಳಗಿನ ಪೊರೆ ಗಿಡ್ಡ ಇದೆಯಾ ಅಂತ ನೋಡಿಸಿ. ಹಾಗಿದ್ದರೆ ನಿಮ್ಮ ತೊಟ್ಟಿನದೇನೂ ತಪ್ಪಿಲ್ಲ. ಹಾಲುಣಿಸುವ ಸಲಹೆಗಾರರಿಗೆ ಒಮ್ಮೆ ಎದುರಿಗೇ ಕುಡಿಸಿ ತೋರಿಸುವುದು ಒಳ್ಳೆಯದು.

ಪುಣೆಯಿಂದ: ಟಕ್ ಟಕ್ ಸದ್ದು ಇದೆ! ನಾನು ಶೀಲ್ಡಿನ ಸದ್ದು ಅಂದುಕೊಂಡಿದ್ದೆ. ಮೊದಲು ಅದನ್ನೇ ತೋರಿಸುತ್ತೇನೆ.