ರಿಟೈರ್ ಆದ ಆರ್ಮಿ ಚೀಫ್‌ನ ರಾಯಭಾರಿ ಮಾಡೋದು ಸರೀನಾ?

ಕ್ಯಾತ್ಸಂದ್ರ_ಹುಡ್ಗ
ಎಲ್ರಿಗೂ ನಮಸ್ಕಾರ. ತುಮಕೂರಲ್ಲಿ ಯುಪಿಎಸ್‌ಸಿಗೆ ಓದ್ತಿದೀನಿ, ಕ್ಲಾಸ್ ಬಿಟ್ಮೇಲೆ ಟೀ ಅಂಗಡೀಲಿ ಇದೇ ಜಗಳ. ಜನರಲ್ ದಲ್ಬೀರ್ ಸಿಂಗ್ ಸುಹಾಗ್ ಅವರನ್ನ 2019ರಲ್ಲಿ ಹಿಂದೂ ಮಹಾಸಾಗರದ ದ್ವೀಪದೇಶ ಸೀಶೆಲ್ಸ್‌ಗೆ ಹೈಕಮಿಷನರ್ (ಕಾಮನ್‌ವೆಲ್ತ್ ದೇಶದಲ್ಲಿ ರಾಯಭಾರಿಗೆ ಹಂಗಂತಾರೆ) ಮಾಡಿದ್ರಲ್ಲ, ಐಎಫ್‌ಎಸ್ (ವಿದೇಶಾಂಗ ಸೇವೆ) ಪಾಸಾಗಿ ತಲೆ ಬೆಳ್ಳಗಾಗೋವರ್ಗೂ ದುಡಿದೋರ ಸೀಟನ್ನ ಹಿಂಗೆ ಕೊಟ್ಬಿಡೋದಾ ಅಂತ ನನ್ ಫ್ರೆಂಡ್ ವಾದ, ನಂಗೂ ಹಂಗೇ ಅನ್ಸುತ್ತೆ. ಗೊತ್ತಿರೋರು ಹೇಳಿ.

ಮಾಲೂರು_ಫೌಜಿ
ತಮ್ಮಾ, ಇದೇನ್ ಹೊಸ್ದಲ್ಲಪ್ಪ. ನಮ್ ಕೊಡಗಿನ ಕಾರ್ಯಪ್ಪನೋರು 1953ರ ಜನವರೀಲಿ ರಿಟೈರ್ ಆದ್ರು, ಅದೇ ವರ್ಷ ಆಸ್ಟ್ರೇಲಿಯಾ ನ್ಯೂಜಿಲೆಂಡ್ ಎರಡಕ್ಕೂ ಹೈಕಮಿಷನರ್. ಆರ್ಮಿ ಚೀಫ್ ಆಗಿದ್ದ ಜನರಲ್ ಚೌಧುರಿ 1966ರಲ್ಲಿ ಕೆನಡಾಗೆ ಹೋದ್ರು, ಏರ್ ಚೀಫ್ ಆಗಿದ್ದ ಅರ್ಜನ್ ಸಿಂಗ್ 1971ರಲ್ಲಿ ಸ್ವಿಟ್ಜರ್ಲೆಂಡು ಆಮೇಲೆ ಕೀನ್ಯಾ, ಈಚೆಗೆ ಏರ್ ಚೀಫ್ ಬ್ರೌನ್ ನಾರ್ವೆ. ಹತ್ತು ಲಕ್ಷ ಜನರನ್ನ ನಡೆಸಿದೋನಿಗೆ ಒಂದು ಎಂಬೆಸಿ ನಡೆಸೋಕ್ ಬರಲ್ವಾ?

ಚಿಂತಾಮಣಿ_ಲೆಕ್ಚರರ್
ಫೌಜಿ ಸಾರ್, ಪಟ್ಟಿ ಹಾಕಿದ್ರೆ ಸರಿ ಅಂತ ಆಗ್ಬಿಡಲ್ಲ. ಕೆನಡಾಗೆ ನಾರ್ವೆಗೆ ಮಿಲ್ಟ್ರಿಯೋರು ಯಾಕೆ ಬೇಕು ಹೇಳಿ, ಅದು ರಿಟೈರ್‌ಮೆಂಟ್ ಉಡುಗೊರೆ ಅಷ್ಟೆ. ಸೀಶೆಲ್ಸ್ ಕಥೆ ಬೇರೆ. ಜನ ಒಂದು ಲಕ್ಷದ ಆಸುಪಾಸು, ಕಾಯ್ಬೇಕಾದ ಸಮುದ್ರ 13 ಲಕ್ಷ ಚದರ ಕಿಲೋಮೀಟರ್ ಮೇಲೆ, 2005ರಲ್ಲಿ ಟೋಪಾಜ್ 2014ರಲ್ಲಿ ಕಾನ್‌ಸ್ಟಂಟ್ ಅಂತ ಗಸ್ತು ಹಡಗು ಕೊಟ್ಟಿದ್ದೇ ನಾವು, ಅವರ ಅಸಂಪ್ಷನ್ ದ್ವೀಪದಲ್ಲಿ ಸೈನ್ಯದ ನೆಲೆ ಮಾಡೋಕೆ 2018ರಲ್ಲಿ ಹೊಸದಾಗಿ ಸೈನ್ ಆದ ಒಪ್ಪಂದ ಅವರ ಪಾರ್ಲಿಮೆಂಟ್ ಮುಂದೆ ಸಿಕ್ಕಾಕೊಂಡು ನಿಂತೋಯ್ತು. ಅಲ್ಲಿ ಮಾತುಕತೆ ಅರ್ಧಕ್ಕರ್ಧ ರಕ್ಷಣೆದೇ. ಆದ್ರೂ ಹಂಗಂದ್ಮೇಲೆ ನೇವಿಯೋರನ್ನ ಕಳಿಸ್ಬೇಕಿತ್ತು ಅಲ್ವಾ?

ಮಾಲೂರು_ಫೌಜಿ
ಹ್ಹಹ್ಹ ಮೇಡಂ, ಆ ಪಾಯಿಂಟ್ ಒಪ್ದೆ.

ಗುಬ್ಬಿ_ವೀರ
ಒಂದು ವಿಷ್ಯ ಯಾರೂ ಹೇಳ್ಲಿಲ್ಲ. ನಾವು ಹೆಸರು ಕಳಿಸಿದ ತಕ್ಷಣ ಆಗಲ್ಲ, ಆ ದೇಶದೋರು ಮೊದ್ಲು ಹೂಂ ಅನ್ಬೇಕು, ಬೇಡ ಅಂದ್ರೆ ಕಾರಣಾನೂ ಕೊಡ್ಬೇಕಾಗಿಲ್ಲ, 1961ರ ವಿಯೆನ್ನಾ ಒಪ್ಪಂದದಲ್ಲೇ ಇದೆ. ಇನ್ನು ದಿನದ ಫೈಲು, ವೀಸಾ, ಡೆಲ್ಲಿಗೆ ಕಳಿಸೋ ಕೇಬಲ್ (ಸಂದೇಶ) ಎಲ್ಲ ಕೆಳಗಿರೋ ಐಎಫ್‌ಎಸ್‌ನೋರೇ ನೋಡ್ಕೊಳ್ತಾರೆ. ಮೇಲೆ ಕೂತೋರು ಬಾಯಿ ಹಿಡಿತದಲ್ಲಿ ಇಟ್ಕೋಬೇಕು, ಕಷ್ಟ ಅಲ್ಲೇ. ಕಾರ್ಯಪ್ಪನೋರು ಆಸ್ಟ್ರೇಲಿಯಾದಲ್ಲಿ ಕೂತ್ಕೊಂಡೇ ಬಿಳಿಯರಿಗೆ ಮಾತ್ರ ಜಾಗ ಅನ್ನೋ ಅವರ ವೈಟ್ ಆಸ್ಟ್ರೇಲಿಯಾ ನೀತಿನ ಬಹಿರಂಗವಾಗಿ ಟೀಕೆ ಮಾಡಿದ್ರು, ಅಲ್ಲಿ ಗಲಾಟೆನೇ ಆಯ್ತು. ಕೆರಿಯರ್ ಡಿಪ್ಲೊಮ್ಯಾಟ್ ಆಗಿದ್ರೆ ನುಂಗ್ಕೊಂಡು ಸುಮ್ನಿರೋನು. ನಂಗೇನೋ ಅವ್ರು ಮಾಡಿದ್ದೇ ಸರಿ ಅನ್ಸುತ್ತೆ, ಡೆಲ್ಲಿಯೋರಿಗೆ ತಲೆನೋವು ಬಂದಿರುತ್ತೆ ಬಿಡಿ.

ಕ್ಯಾತ್ಸಂದ್ರ_ಹುಡ್ಗ
ಸೂಪರ್ ಸಾರ್, ಇದನ್ನ ನೋಟ್ಸ್‌ಗೆ ಹಾಕ್ಕೊಂಡೆ. ಒಂದೇ ಡೌಟು, ಎಂಬೆಸೀಲಿ ಡಿಫೆನ್ಸ್ ಅಟ್ಯಾಶೆ (ರಕ್ಷಣೆ ವಿಷ್ಯ ನೋಡ್ಕೊಳ್ಳೋ ಮಿಲ್ಟ್ರಿ ಅಧಿಕಾರಿ) ಆಗಿ ಕೆಲ್ಸ ಕಲ್ತ ಕರ್ನಲ್, ಬ್ರಿಗೇಡಿಯರ್‌ಗಳು ಇರ್ತಾರಲ್ಲ, ಅವ್ರನ್ನ ಬಿಟ್ಟು ಚೀಫ್‌ಗಳಿಗೇ ಯಾಕೆ?

ಮಾಲೂರು_ಫೌಜಿ
ಅದನ್ನ ಇಂಟರ್‌ವ್ಯೂ ಬೋರ್ಡ್ ಮುಂದೆ ಮಾತ್ರ ಕೇಳ್ಬೇಡ ಕಣಪ್ಪ.